ಬಾವಿಯ ದಾರಿ

ಹೊಲ ಅಳೆಯಲು ಬಂದ ಸರ್ವೆಯವರು ತನ್ನನ್ನೇ ಏನಾದರೂ ಕೇಳಿಬಿಟ್ಟರೆ ಮಾತೇ ಹೊರಡುವುದಿಲ್ಲವಲ್ಲ ಎಂಬುದು ಆ ಹುಡುಗಿಯ ಒಳಗಿನ ಅಳುಕು. ಕಾಲು ಮುರಿದುಕೊಂಡಿದ್ದ ಅಪ್ಪನ ಬದಲು ಅವಳೇ ಬಂದಿದ್ದಳು. ಅವಳ ಮನೆಯವರ ಬಾವಿಗಿದ್ದ ಒಂದೇ ದಾರಿಗೆ ಪಕ್ಕದ ಹೊಲದ ಅತ್ತೆ ಅಡ್ಡಲಾಗಿ ಮುಳ್ಳುತಂತಿ ಬಿಗಿಸಿದ್ದರು.

"ಇಲ್ಲಿ ದಾರಿ ಇತ್ತೇನಮ್ಮ?" ಎಂದು ಸರ್ವೆಯವರು ಅತ್ತೆಯನ್ನು ಕೇಳಿದರು.

"ಎಲ್ಲಿಯ ದಾರಿ ಸಾರ್! ಇವರಪ್ಪನಿಗೆ ಕನಸು ಬಿದ್ದಿರಬೇಕು," ಎಂದು ಅತ್ತೆ ನಕ್ಕರು. ಅಷ್ಟರಲ್ಲಿ ಅವಳ ಅಂಗಿಯ ತೋಳು ತಂತಿಗೆ ಸಿಕ್ಕಿಕೊಂಡಿತು. "ಅಯ್ಯೋ, ಅಲ್ಲಾಡಬೇಡ ಪುಟ್ಟಿ, ಹರಿದು ಹೋಗುತ್ತೆ," ಎನ್ನುತ್ತ ಅದೇ ಅತ್ತೆ ಎಂದಿನ ಅಕ್ಕರೆಯಿಂದ ಬಟ್ಟೆಯನ್ನು ತಂತಿಯಿಂದ ಬಿಡಿಸತೊಡಗಿದರು. ಸುಳ್ಳಿಗಿಂತಲೂ ಆ ಅಕ್ಕರೆಯೇ ಅವಳನ್ನು ಕೆರಳಿಸಿತು.

ಅವಳು ತೋಳನ್ನು ಸರಕ್ಕನೆ ಎಳೆದುಕೊಂಡಳು. ಬಟ್ಟೆ ಹರಿಯಿತು.

"ಅತ್ತೆ, ನಾನು ಸೈಕಲ್ ಕಲಿಯುವಾಗ ನೀವು ಸೀಟು ಹಿಡ್ಕೊಂಡು ಹಿಂದೆ ಓಡಿ ಬರ್ತಿದ್ದದ್ದು ಇದೇ ದಾರೀಲಿ."