ಮಲಗಿದ ಕರಡಿ ಬಿದ್ದರೆ

"ದಾಳದಲ್ಲಿ ಚುಕ್ಕಿಗಳೇ ಇಲ್ವಲ್ಲಪ್ಪ! ಎಷ್ಟು ಮನೆ ನಡೆಸೋದು?" ಮಗಳು ದಾಳವನ್ನು ಮೂಗಿನ ತುದಿಗೆ ಹಿಡಿದು ಕೇಳಿದಳು.

"ಇದರಲ್ಲಿ ಯಾರು ಬೀಳ್ತಾರೋ ಅವರ ಹಾಗೆ ನಡೀಬೇಕು. ನಿಯಮದ ಚೀಟಿ ಓದು," ಎಂದ ಅಪ್ಪ.

ಆರು ಮುಖಗಳಿಗೆ ಆರು ಕಾರ್ಟೂನು ಪ್ರಾಣಿಗಳು. ಟೊಪ್ಪಿಯ ಕಪ್ಪೆ ಬಿದ್ದರೆ ಮುಂದಿರುವ ಕಾಯಿಯನ್ನು ಹಾರಿ ದಾಟಬೇಕು. ಬೂಟು ಹಾಕಿದ ಮೊಲಕ್ಕೆ ಮೂರು ಮನೆ, ಆಮೆಗೆ ಒಂದೇ. ಛತ್ರಿ ಹಿಡಿದ ಬಾತುಕೋಳಿ ಬಂದರೆ ಹಿಂದೆ ಉಳಿದವರನ್ನು ನಮ್ಮ ಮನೆಗೇ ಕರೆದುಕೊಳ್ಳಬೇಕು. ಕನ್ನಡಕದ ಗೂಬೆ ಬಂದರೆ ಎಲ್ಲಿಗೂ ಹೋಗದೆ, ಗಾಢವಾಗಿ ಯೋಚಿಸುವವರಂತೆ ನಟಿಸಬೇಕು. ಇದು ದೊಡ್ಡವರಿಗೆ ಸಲೀಸು. ದಿಂಬು ತಬ್ಬಿ ಮಲಗಿದ ಕರಡಿ ಬಿದ್ದರೆ ಎಲ್ಲರೂ ಕಣ್ಣು ಮುಚ್ಚಬೇಕು. ಹಲಗೆಯ ಕೊನೆಯಲ್ಲಿ, ಮೋಡದ ಮೇಲೆ, ಕಿಟಕಿ ತೆರೆದಿಟ್ಟ ಒಂದು ಮನೆ. ಅದನ್ನು ಮೊದಲು ಸೇರಿದವರು ಗೆದ್ದಂತೆ.

ಆಟಿಕೆ ಕಾರ್ಖಾನೆಯಲ್ಲಿ ಆಟದ ನಿಯಮ ಬರೆಯುವುದು ಅವನ ಕೆಲಸ. ಹನ್ನೊಂದು ವರ್ಷದಲ್ಲಿ ನಲವತ್ತಮೂರು ಆಟ. ಒಂದರಲ್ಲೂ ಒಂದು ನಿಯಮ ತಪ್ಪಿದ್ದಿಲ್ಲ. ಮಗುವೊಂದು ಆಡಿ ನೋಡುವ ತನಕ ಚೀಟಿ ಪೆನ್ಸಿಲಿನಲ್ಲೇ ಇರಬೇಕೆಂಬುದು ಅಲ್ಲಿನ ಪದ್ಧತಿ. ಮಗು ಮನೆಯಲ್ಲೇ ಇತ್ತು, ಆದರೆ ಭಾನುವಾರ ಮಾತ್ರ, ಬೆಳಿಗ್ಗೆ ಹತ್ತರಿಂದ ಸಂಜೆ ಐದರವರೆಗೆ. ಐದಕ್ಕೆ ಅವಳಮ್ಮ ಬಂದು ಕರೆದುಕೊಂಡು ಹೋಗುತ್ತಿದ್ದಳು. ಗಡಿಯಾರದ ಚಿತ್ರದಲ್ಲಿ ಎಲ್ಲ ಅಂಕಿಗಳನ್ನೂ ಬಣ್ಣದಲ್ಲಿ ಬರೆಯಬಲ್ಲ ಏಳು ವರ್ಷದ ಹುಡುಗಿ ಐದನ್ನು ಮಾತ್ರ ಬಿಟ್ಟುಬಿಡುತ್ತಿದ್ದಳು.

ಐದಕ್ಕೆ ಹತ್ತು ನಿಮಿಷವಿದ್ದಾಗ ಅವನು ಹಾಲು ಬಿಸಿಮಾಡಲು ಒಳಗೆ ಹೋದ. ಲೋಟ ಹಿಡಿದು ಬಂದರೆ, ಮಗಳು ಚಾಪೆಯ ಮೇಲೆ ಬೆನ್ನು ನೆಟ್ಟಗೆ ಮಾಡಿ ಕಣ್ಣು ಮುಚ್ಚಿ ಕೂತಿದ್ದಳು.

"ನೀನು ಒಳಗಿದ್ದಾಗ ದಾಳ ಹಾಕ್ದೆ. ಕರಡಿ ಬಿತ್ತು. ಕೂತ್ಕೋ, ಕಣ್ಣು ಮುಚ್ಚು."

"ಯಾವಾಗ ತೆಗೆಯೋದು?"

"ಚೀಟೀಲಿ ಬರೆದಿಲ್ಲ. ಬೇಕಾದ್ರೆ ನೋಡ್ಕೋ."

ನೋಡಿಕೊಂಡ. ನಿಜವಾಗಿಯೂ ಇರಲಿಲ್ಲ. 'ಕಣ್ಣು ಮುಚ್ಚಬೇಕು' ಎಂಬಲ್ಲಿಗೆ ನಿಯಮ ನಿಂತುಬಿಟ್ಟಿತ್ತು. ಮುಂದಿನ ಸಾಲನ್ನು ಕೈಯಾರೆ ಬರೆದ ನೆನಪಿದ್ದೂ ಅವನು ತನ್ನನ್ನೇ ಅನುಮಾನಿಸಿದ. ಇತ್ತೀಚೆಗೆ ಅದೊಂದು ಅಭ್ಯಾಸವಾಗಿತ್ತು. ಕೂತು ಕಣ್ಣು ಮುಚ್ಚಿದ.

ಮುಚ್ಚಿದ ಮೇಲೆ ಚಾಪೆ ಮೆಲ್ಲಗೆ ತೇಲತೊಡಗಿತು. ಫ್ಯಾನಿನ ಸದ್ದು ಎಲ್ಲೋ ದೂರದ ಕೆರೆಯಾಯಿತು. ಟೊಪ್ಪಿಯ ಕಪ್ಪೆ ದಡದಲ್ಲಿ ಟೊಪ್ಪಿ ತೆಗೆದು ನಮಸ್ಕರಿಸಿತು, ಬಾತುಕೋಳಿ ಯಾರಿಗೋ ಕಾಯುತ್ತ ಛತ್ರಿ ಬಿಚ್ಚಿ ನಿಂತಿತು.

"ಇದೇನು, ಇಬ್ಬರೂ ತಪಸ್ಸಿಗೆ ಕೂತಿದ್ದೀರಾ? ಐದಾಯ್ತು, ಪುಟ್ಟಿ, ನಡಿ." ಬಾಗಿಲಲ್ಲಿ ಅವಳಮ್ಮನ ದನಿ.

"ಶ್! ಕರಡಿ ಬಿದ್ದಿದೆಯಮ್ಮ. ಇಲ್ಲಿರೋರೆಲ್ಲ ಕಣ್ಣು ಮುಚ್ಚಬೇಕು. ನೀನೂ."

"ಎಷ್ಟು ಹೊತ್ತು ಅಂತ ನಿಮ್ಮಪ್ಪನ್ನ ಕೇಳು." ಬೇರೆಯಾದ ಮೇಲೆ ಅವಳು 'ರೀ' ಅನ್ನುವುದನ್ನು ಬಿಟ್ಟಿದ್ದಳು. ಬದಲಿಗೆ ಏನನ್ನಬೇಕೆಂದು ಹೊಳೆಯದೆ, ಎಲ್ಲವನ್ನೂ ಮಗಳ ಮೂಲಕ ಕಳಿಸುತ್ತಿದ್ದಳು.

"ಅದನ್ನ ಬರೆಯೋಕೆ ಮರೆತಿದ್ದೀನಿ ಅನ್ಸತ್ತೆ," ಎಂದ ಅವನು, ಕಣ್ಣು ತೆರೆಯದೆಯೇ.

ಅವಳು ನಂಬಲಿಲ್ಲ. ಅದೇ ಕಾರ್ಖಾನೆಯಲ್ಲಿ ಆರು ವರ್ಷ ಅವನ ಚೀಟಿಗಳ ಪ್ರೂಫ್ ನೋಡಿದವಳು ಅವಳೇ. ಹುಡುಕಿ ಹುಡುಕಿ ತಪ್ಪೊಂದೂ ಸಿಗದೆ ಸಿಟ್ಟಾಗಿದ್ದುಂಟು. ಚಪ್ಪಲಿ ಬಿಡುವ ಸದ್ದಾಯಿತು. ಚೀಟಿ ಎತ್ತಿಕೊಂಡ ಸದ್ದಾಯಿತು. ಅದು ಬೆಳಕಿಗೆ ಹಿಡಿದು ನೋಡುವಷ್ಟು ಹೊತ್ತು ಗಾಳಿಯಲ್ಲೇ ಇತ್ತು. ಆಮೇಲೆ ಚಾಪೆಯ ಮೂರನೆಯ ಬದಿ ಕುಗ್ಗಿತು.

"ಇಲ್ಲ, ಬರೆದಿಲ್ಲ," ಎಂದಳು ಅವಳು. "ನೀವೂ ಮರೀತೀರಾ ಅಂತಾಯ್ತು ಬಿಡಿ."

ಮೂವರೂ ಕಣ್ಣು ಮುಚ್ಚಿ ಕೂತರು. ಕೆರೆ ಮತ್ತೆ ಹತ್ತಿರ ಬಂತು. ಹಾಲಿನ ಮೇಲೆ ಕೆನೆ ಕಟ್ಟುತ್ತಿರಬೇಕು. ಗಡಿಯಾರ ಐದು ಹೊಡೆದು ಬಹಳ ಹೊತ್ತಾಗಿತ್ತು, ಅಥವಾ ಇನ್ನೂ ಹೊಡೆದೇ ಇರಲಿಲ್ಲ.

ಕುತೂಹಲ ತಡೆಯಲಾರದೆ ಅವನು ಒಂದೇ ಕಣ್ಣನ್ನು ಒಂದು ಗೆರೆಯಷ್ಟು ತೆರೆದ. ಮಗಳ ಮೊಣಕಾಲಿನ ಕೆಳಗಿಂದ ಪೆನ್ಸಿಲ್ ಅಳಿಸುವ ಗುಲಾಬಿ ರಬ್ಬರಿನ ಮೂಲೆ ಇಣುಕುತ್ತಿತ್ತು. ಚಾಪೆಯ ತುಂಬ ಅದರ ಪುಡಿ. ಅವಳಮ್ಮ ಕಣ್ಣು ಬಿಗಿಯಾಗಿ ಮುಚ್ಚಿಕೊಂಡು, ಆ ಪುಡಿಯನ್ನು ಬೆರಳ ತುದಿಯಿಂದ ತಡವಿ ತಡವಿ ಒಟ್ಟು ಮಾಡಿ, ಸದ್ದಾಗದಂತೆ ಚಾಪೆಯ ಅಡಿಗೆ ತಳ್ಳುತ್ತಿದ್ದಳು.