ಬಾರದ ಮನವಿ

ನೀಲಾಂಬಿಕೆಗೆ ಸಿಗಬೇಕಿದ್ದ ಬಡ್ತಿ ಅವಳಿಗಿಂತ ಆರು ವರ್ಷ ಕಿರಿಯನಾದ ಸಾಹೇಬರ ಷಡ್ಡಕನಿಗೆ ಹೋಯಿತು. ಸಿಟ್ಟು ನೆತ್ತಿಗೇರಿ ಅವಳು ನೇರ ವಕೀಲರ ಮನೆಗೆ ಹೋದಳು.

"ಸರ್ಕಾರಿ ನೌಕರರು ಏಕಾಏಕಿ ಕೇಸು ಹಾಕೋ ಹಾಗಿಲ್ಲಮ್ಮ," ಎಂದರು ವಕೀಲರು. "ಮೊದಲು ಇಲಾಖೆಗೆ ಮನವಿ ಕೊಟ್ಟು ಆರು ತಿಂಗಳು ಕಾಯಬೇಕು. ಮನವಿ ಅವರ ಕೈ ಸೇರಿದೆ ಅನ್ನೋಕೆ ಪುರಾವೆ ಬೇಕು. ಇಲ್ಲದಿದ್ರೆ ನ್ಯಾಯಮಂಡಳಿ ಬಾಗಿಲಲ್ಲೇ ವಾಪಸು ಕಳಿಸುತ್ತೆ."

ಜನವರಿಯಲ್ಲಿ ಅವಳು ಮನವಿ ಕೊಟ್ಟಳು. ಗುಮಾಸ್ತ ಕಾಗದ ಇಸಿದುಕೊಂಡ, ಸ್ವೀಕೃತಿ ಮುದ್ರೆ ಮಾತ್ರ ಹಾಕಿಕೊಡಲಿಲ್ಲ. ರಿಜಿಸ್ಟರ್ಡ್ ಅಂಚೆಯಲ್ಲೂ ಕಳಿಸಿದಳು. ಲಕೋಟೆಯಲ್ಲಿ ಬರೀ ಖಾಲಿ ಹಾಳೆ ಇತ್ತೆಂದು ಉತ್ತರ ಬಂತು. ಜುಲೈ ಮುಗಿಯುತ್ತ ಬಂದಾಗ ಅವಳು ತಡೆಯಲಾರದೆ ಸಾಹೇಬರ ಕೋಣೆಗೇ ನುಗ್ಗಿದಳು.

"ನನ್ನ ಮನವಿ ಏನಾಯ್ತು ಸರ್?"

"ಯಾವ ಮನವಿ? ನಮಗೆ ಯಾವುದೂ ಬಂದಿಲ್ಲ."

"ಕೈಯಲ್ಲೂ ಕೊಟ್ಟೆ, ಅಂಚೆಲೂ ಕಳಿಸಿದೆ. ಬಂದಿಲ್ಲ ಅನ್ನೋಕೆ ನಾಚಿಕೆ ಆಗಲ್ವಾ ನಿಮಗೆ?"

ಸಾಹೇಬರು ಮೇಜು ಗುದ್ದಿದರು. "ನನಗೇ ಎದುರು ಮಾತಾಡ್ತೀಯಾ? ಇರು, ಮೆಮೊ ಕೊಡಿಸ್ತೀನಿ!"

ಸಂಜೆಯೊಳಗೆ ಮೆಮೊ ಬಂತು. ಮೇಲಧಿಕಾರಿಯೊಡನೆ ಉದ್ಧಟತನದಿಂದ ವರ್ತಿಸಿದ್ದಕ್ಕೆ ಏಳು ದಿನದೊಳಗೆ ಸಮಜಾಯಿಷಿ ಕೊಡಬೇಕಂತೆ. ಕೆಳಗೆ ಸಾಹೇಬರ ರುಜು, ಕಚೇರಿಯ ದುಂಡು ಮೊಹರು. ಉಲ್ಲೇಖದ ಸಾಲಿಲ್ಲದೆ ಆ ಕಚೇರಿಯಿಂದ ಒಂದು ಕಾಗದವೂ ಹೊರಬೀಳುತ್ತಿರಲಿಲ್ಲ. ಗುಮಾಸ್ತ ರೂಢಿಯಂತೆ ಈ ಮೆಮೊದ ತಲೆಯಲ್ಲೂ ಅದನ್ನು ಟೈಪು ಮಾಡಿದ್ದ:

"ಉಲ್ಲೇಖ: ಜನವರಿ ಮೂರರಂದು ಈ ಕಚೇರಿಯಲ್ಲಿ ಸ್ವೀಕೃತವಾದ ತಮ್ಮ ಮನವಿ."