ಯಾವ ಮಾಷ್?

ಮಾಷ್ ಮೇಲೆ ದೂರು ಕೊಡಬೇಕು ಎಂದು ಷೈಜ ಹೇಳಿದಾಗ ಠಾಣೆಯ ಪೊಲೀಸ್ ಸೌಮಿನಿ ಕೈಯಲ್ಲಿದ್ದ ಚಹಾದ ಲೋಟವನ್ನು ಕೆಳಗಿಡಲೂ ಇಲ್ಲ. ಕಣ್ಣೂರಿನ ಆ ಕಡೆ ಪಾಠ ಹೇಳುವ ಗಂಡಸರೆಲ್ಲ ಮಾಷ್. ಕಲ್ಲು ಬೀಸಿದರೆ ಒಬ್ಬ ಮಾಷ್‌ಗೆ ತಾಗುತ್ತದೆ; ಗುರಿ ತಪ್ಪಿದರೆ ನಿವೃತ್ತ ಮಾಷ್‌ಗೆ.

ಸೌಮಿನಿಯ ಬಾಯಿಗೆ ಬೀಗವಿಲ್ಲ. ಮಾಷ್ ಮಗುವಿಗೆ ಹೊಡೆದರೇ ಎಂದು ಕೇಳಿದಳು. ತನ್ನ ಮಗನಿಗೂ ಅಂಥವರೊಬ್ಬರು ಸಿಗಲಿ ಎಂದು ಹರಕೆ ಹೊರುತ್ತೇನೆ ಎಂದೂ ಸೇರಿಸಿದಳು.

ಷೈಜ ನಗಲಿಲ್ಲ. ಪಕ್ಕದ ಮನೆಯ ನಿವೇದ್ಯ, ಹತ್ತನೇ ತರಗತಿ. ಮಾಷ್ ಮೊದಲು ಒಂದು ಪೆನ್ನು ಕೊಟ್ಟರು. ಆಮೇಲೆ ಪದ್ಯದ ಪುಸ್ತಕ. ಈಗೀಗ ಉಳಿದ ಮಕ್ಕಳು ಹೋದ ಮೇಲೂ ಅವಳಿಗೆ ಪಾಠ ಮುಗಿಯುವುದಿಲ್ಲ. ನಿನ್ನೆ ಟ್ಯೂಷನ್ ಬಿಟ್ಟವಳೇ ಷೈಜಳ ಅಡುಗೆಮನೆಗೆ ಬಂದು, ಬಾಳೆಹಣ್ಣಿನ ಬಜ್ಜಿ ತಿನ್ನುತ್ತಾ, ಅಕ್ಕನಿಗೆ ಹೇಳುವ ಹಾಗೆ ಹಿಗ್ಗಿನಿಂದ ಹೇಳಿದ್ದಳು: "ನಾನು ಬೇರೆ ಮಕ್ಕಳ ಹಾಗಲ್ಲವಂತೆ, ಚೇಚಿ. ಅಮ್ಮನಿಗೆ ಹೇಳಬೇಡ, ಅವಳಿಗೆ ಅರ್ಥ ಆಗಲ್ಲ ಅಂದ್ರು ಮಾಷ್."

ಸೌಮಿನಿ ಲೋಟ ಕೆಳಗಿಟ್ಟಳು. ಬೇಲಿಯೇ ಎದ್ದು ಹೊಲ ಮೇಯ್ದದ್ದನ್ನು ಅವಳು ಸಾಕಷ್ಟು ಕಂಡಿದ್ದಳು.

"ಮುಟ್ಟಿದ್ದಾರಾ?"

"ಇನ್ನೂ ಇಲ್ಲ. ಶನಿವಾರ ಪುಸ್ತಕ ಕೊಡಿಸೋಕೆ ಅಂತ ಪೇಟೆಗೆ ಕರ್ಕೊಂಡು ಹೋಗ್ತಾರೆ. ಪುಸ್ತಕದ ಅಂಗಡಿ ಆದ ಮೇಲೆ ಒಂದು ರೂಮು ಇರುತ್ತೆ."

"ನಿಮಗೆ ಹೇಗೆ ಗೊತ್ತು?"

"ನನಗೂ ಪಾಠ ಹೇಳಿದ್ದು ಅದೇ ಮಾಷ್. ನಾನೂ ಆಗ ಹತ್ತನೇ ಕ್ಲಾಸು."

ಉಳಿದದ್ದನ್ನು ಷೈಜ ನೆಲ ನೋಡಿಕೊಂಡೇ ಹೇಳಿದಳು. ಮೊದಲು ಅದು ತನ್ನದೇ ತಪ್ಪು ಅಂದುಕೊಂಡಿದ್ದಳಂತೆ, ಆಮೇಲೆ ಪ್ರೀತಿ ಅಂದುಕೊಂಡಳಂತೆ. ಬೇರೆ ಮಕ್ಕಳ ಹಾಗಲ್ಲ ಎಂಬ ಮಾತನ್ನು ಮಾಷ್ ತನಗೊಬ್ಬಳಿಗೇ ಹೇಳಿದ್ದು ಎಂದು ನಿನ್ನೆಯವರೆಗೂ ನಂಬಿದ್ದಳಂತೆ. ಬಜ್ಜಿ ತಿನ್ನುವ ಹುಡುಗಿಯ ಮುಖ ನೋಡಿದಾಗಲೇ ತಾನೂ ಆಗ ಎಷ್ಟು ಚಿಕ್ಕವಳಿದ್ದೆ ಎಂಬುದು ತಿಳಿದು ಮೈ ಉರಿದುಹೋಯಿತಂತೆ.

ಸೌಮಿನಿ ದೂರಿನ ಪುಸ್ತಕ ಎಳೆದುಕೊಂಡಳು. ಗಂಡನಿಗೆ ಹೇಳಿ ಬಂದಿರಾ ಎಂದು ಕೇಳಿದಳು. ಇಲ್ಲ, ಮೀನು ತರುತ್ತೇನೆ ಎಂದು ಹೇಳಿ ಬಂದೆ ಎಂದಳು ಷೈಜ.

"ಹೆದರಬೇಡಿ ಚೇಚಿ. ಬೇಕಾದ್ರೆ ನಾನೇ ನಿಮ್ಮನೆಗೆ ಬಂದು ಅವರ ಹತ್ರ ಮಾತಾಡ್ತೀನಿ. ಗಂಡಸರಿಗೆ ಖಾಕಿ ಕಂಡ್ರೆ ಬುದ್ಧಿ ಬೇಗ ಬರುತ್ತೆ."

"ಬನ್ನಿ. ಶನಿವಾರಕ್ಕೆ ಮುಂಚೆ ಬನ್ನಿ."

"ಈಗ ಹೆಸರು ಹೇಳಿ. ಬರೀ ಮಾಷ್ ಅಂತ ಬರೆದ್ರೆ ಅರ್ಧ ಊರನ್ನ ಜೀಪಿಗೆ ಹತ್ತಿಸಬೇಕಾಗುತ್ತೆ."

ಷೈಜ ನೀರು ಕೇಳಿ ಕುಡಿದಳು.

"ಪ್ರೇಮರಾಜನ್," ಎಂದಳು. "ತಪ್ಪು ತಿಳೀಬೇಡಿ. ನಮ್ಮಿಬ್ಬರ ಮದುವೆ ಆದ ಮೇಲೂ ನಾನು ಅವರನ್ನ ಮಾಷ್ ಅಂತಲೇ ಕರೀತಿದ್ದೆ."